ಭಾಗ್ಯಲಕ್ಷ್ಮಿಯ ತಡೆಯಿಲ್ಲದ ಇಂಗ್ಲಿಷ್

“ಬರೂ ಚೌತಿ ಒಳಗೆ ನಾ ಇಂಗ್ಲಿಷನ್ನ ನೀರು ಕುಡ್ದಂಗೆ ಓದದಿದ್ರೆ ಕೇಳಿ,” ಎಂದು ಹೊನ್ನಾವರದ ಭಾಗ್ಯಲಕ್ಷ್ಮಿ ಗಂಡ ಬೊಮ್ಮಯ್ಯನೆದುರು ಘೋಷಿಸಿದಳು.

ಭಟ್ಕಳದಲ್ಲಿ ಟೀಚರಾಗಿರುವ ನಾದಿನಿ ದಿವ್ಯಶ್ರೀ ಒಂದು ಕಟ್ಟು ಪುಸ್ತಕ ಕೊಟ್ಟಿದ್ದಳು. ಸುಲಭದಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಕಷ್ಟವಾಗುವ ಪುಟ್ಟ ಇಂಗ್ಲಿಷ್ ಕಥೆಗಳು. “ಕೆಳಗಿನ ಮೆಟ್ಟಿಲಿಂದ ಶುರು ಮಾಡಿ ಅತ್ತಿಗೆ. ಗೊತ್ತಿಲ್ಲದ ಶಬ್ದ ಬಂದ್ರೆ ನಿಲ್ಬೇಡಿ,” ಎಂದಿದ್ದಳು. ಭಾಗ್ಯಲಕ್ಷ್ಮಿ ಎರಡನೆಯ ಮಾತನ್ನಷ್ಟೇ ಕೇಳಿಸಿಕೊಂಡು, ನೇರವಾಗಿ ನಾಲ್ಕನೆಯ ಮೆಟ್ಟಿಲಿನ ಪುಸ್ತಕ ಎತ್ತಿಕೊಂಡಳು.

ಓದು ಎಂದರೆ ಅವಳಿಗೆ ಗಟ್ಟಿಯಾಗಿ ಓದುವುದೇ. ಹಿರೇಗುತ್ತಿಯ ತವರಿನಲ್ಲಿ ಮಧ್ಯಾಹ್ನವಾದರೆ ಕೇರಿಯ ಹೆಂಗಸರೆಲ್ಲ ಹೂ ಕಟ್ಟುತ್ತ ಜಗಲಿಯಲ್ಲಿ ಕೂರುತ್ತಿದ್ದರು. ಅಮ್ಮ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು. ನಾಯಕಿ ಅತ್ತರೆ ಅಮ್ಮನ ದನಿಯೂ ಒದ್ದೆ. ಎದುರು ಕೂತ ಬಂಗಾರಿ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವವರೆಗೆ ಅಮ್ಮ ಪುಟ ತಿರುವುತ್ತಲೇ ಇರಲಿಲ್ಲ. ಆ ದನಿ ಮಗಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಹೀಗಾಗಿ ಆ ಸಂಜೆ ಮುಂಬಾಗಿಲಿನ ಚಿಲಕ ಹಾಕಿ ಕೂತವಳು, ಅಮ್ಮನ ಹಾಗೆಯೇ ಭಾವ ತುಂಬಿ ಓದತೊಡಗಿದಳು: “ಹೆಲ್ಪ್! ಹೆಲ್ಪ್! ಥೀಫ್ ಇನ್ ಮೈ ಹೌಸ್!”

ಬೇಲಿಯಾಚೆ ನೆರೆಮನೆಯ ತಿಮ್ಮಿಯ ಕೈಯಿಂದ ಸೌಟು ಬಿತ್ತು. ಟೀವಿ ನೋಡಿ ನೋಡಿ ‘ಹೆಲ್ಪ್’ ಎಂಬಷ್ಟು ಇಂಗ್ಲಿಷ್ ಅವಳಿಗೂ ಗೊತ್ತು. ಅವಳ ಗಂಡ ಲಿಂಗಪ್ಪ ತೆಂಗಿನ ಮಟ್ಟೆ ಹಿಡಿದು ಓಡಿದ. ಮುಂಬಾಗಿಲು ಭದ್ರ. ಹಿತ್ತಿಲಿಗೆ ಸುತ್ತಿ ಬಂದರೆ, ತಲೆಗೆ ಟವೆಲ್ ಸುತ್ತಿದ ಒಬ್ಬ ಮೆಲ್ಲಗೆ ಅಡುಗೆಮನೆಗೆ ನುಸುಳುತ್ತಿದ್ದಾನೆ. ಲಿಂಗಪ್ಪ ಹಿಂದುಮುಂದು ನೋಡದೆ ಬೆನ್ನಿಗೆ ಬಾರಿಸಿದ.

“ಅಯ್ಯಯ್ಯೋ, ನಾನು ಮಾರಾಯಾ, ಬೊಮ್ಮಯ್ಯ!”

ಪೇಟೆಯಿಂದ ತಂದ ಬಂಗಡೆ ಹಿತ್ತಿಲ ತುಂಬ ಚೆಲ್ಲಿತು. ಮೀನು ತಂದ ದಿನ ಅವನು ಹಿಂಬಾಗಿಲಿಂದ ಬರುವುದು ಮನೆಯ ಪದ್ಧತಿ. ಒಳಗೆ ಭಾಗ್ಯಲಕ್ಷ್ಮಿ ಮಾತ್ರ ನಿಲ್ಲದೆ ಓದುತ್ತಲೇ ಇದ್ದಳು.

ಕಳ್ಳ ಇದ್ದದ್ದು ಪುಸ್ತಕದೊಳಗೆ ಎಂದು ತಿಳಿದ ಮೇಲೆ ಲಿಂಗಪ್ಪನೇ ಬೊಮ್ಮಯ್ಯನನ್ನು ಜಗಲಿಯಲ್ಲಿ ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ತಿಕ್ಕಿದ. ಗಲಾಟೆ ಕೇಳಿ ಬಂದ ಹೆಂಗಸರು ಸುತ್ತ ಕೂತರು. ಒಂದು ಪುಸ್ತಕದ ಸುತ್ತ ಹೀಗೆ ಜನ ಕೂತು ಎಷ್ಟು ಕಾಲವಾಗಿತ್ತು! ಭಾಗ್ಯಲಕ್ಷ್ಮಿ ಪುಸ್ತಕ ಹಿಡಿದು ನಡುವೆ ಕೂತಳು.

“ಕಡೆಗೆ ಎಂತ ಆತು ಭಾಗ್ಯಕ್ಕಾ? ಆ ಕಳ್ಳ ಯಾರು?” ತಿಮ್ಮಿ ಕೇಳಿದಳು.

ಭಾಗ್ಯಲಕ್ಷ್ಮಿ ಪುಟ ಹಿಂದೆ ತಿರುವಿದಳು, ಮುಂದೆ ತಿರುವಿದಳು. ಕಥೆಯ ಕೊನೆಯವರೆಗೂ ಎಲ್ಲೂ ತಡವರಿಸಿರಲಿಲ್ಲ.

“ಓದೂದು ಪೂರಾ ಓದ್ದೆ ತಿಮ್ಮಿ,” ಎಂದಳು ಸಣ್ಣ ದನಿಯಲ್ಲಿ. “ತಿಳಿಯೂದೊಂದು ಬಾಕಿ ಉಳೀತು.”

ಬೋರಲು ಮಲಗಿದ್ದಲ್ಲಿಂದಲೇ ಬೊಮ್ಮಯ್ಯ ನರಳಿದ: “ಇನ್ಯಾರು? ಪಾಪ, ಅವನೂ ಆ ಮನೆ ಯಜಮಾನನೇ ಇರ್ಬೇಕು.”