ಪ್ರುದೆನ್ಸಿಯೊನ ಮೂವತ್ತು ಅಂಕ

ಆ ಬುಧವಾರ ನಮ್ಮ ಪುಕಾಲೋಮದ ಆರೋಗ್ಯ ಕೇಂದ್ರದಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಮೂಲ ರೋಗಿಗಳ ಕಷ್ಟ ಅಳೆಯುವ ಪ್ರಶ್ನಾವಳಿಯ ಮೂರನೇ ಪ್ರಶ್ನೆ: "ಕಳೆದ ತಿಂಗಳು ಮೆಟ್ಟಿಲು ಹತ್ತುವಾಗ ಎಷ್ಟು ಸಲ ತೊಂದರೆಯಾಯಿತು?"

"ಒಂದ್ಸಲವೂ ಇಲ್ಲಪ್ಪ," ಅಂದರು ದೋನ್ಯಾ ತಾರ್ಹೇಲಿಯಾ.

ಗುಮಾಸ್ತ ಎಫ್ರೈನ್ ಸೊನ್ನೆ ಬರೆದುಕೊಂಡ. ಊರವರು ಗೌರವದಿಂದ ದೋನ್ಯಾ ಎನ್ನುವ ತಾರ್ಹೇಲಿಯಾ ಕೀಲುನೋವಿನವರ ಸಂಘದ ಅಧ್ಯಕ್ಷೆ. ಎಫ್ರೈನ್ ಬಾಡಿಗೆಗಿದ್ದ ಮನೆಯ ಒಡತಿಯೂ ಹೌದು. ಬೆರಳುಗಳೆಲ್ಲ ಶುಂಠಿಯ ಹಾಗೆ ಸೊಟ್ಟಗಾಗಿ, ರವಿಕೆಯ ಗುಂಡಿ ಹಾಕಲೂ ಪಕ್ಕದ ಮನೆಯವರನ್ನು ಕೂಗಬೇಕು. ಮೂರು ವರ್ಷದಿಂದ ಆಕೆ ಮೆಟ್ಟಿಲು ಹತ್ತಿದ್ದೇ ಇಲ್ಲ. ಹತ್ತದಿದ್ದ ಮೇಲೆ ತೊಂದರೆ ಎಲ್ಲಿಂದ ಬರಬೇಕು?

"ಬೆಳಗಿನ ವ್ಯಾಯಾಮದಲ್ಲಿ ಕುಣಿಯೋದನ್ನ ಅರ್ಧಕ್ಕೆ ನಿಲ್ಲಿಸಬೇಕಾಯ್ತಾ?"

"ಶುರು ಮಾಡಿದ್ರೆ ತಾನೆ ನಿಲ್ಲಿಸೋದು! ಬರಿ, ಇಲ್ಲ ಅಂತ."

ಮತ್ತೊಂದು ಸೊನ್ನೆ.

ಪಕ್ಕದ ಕುರ್ಚಿಯಲ್ಲಿ ಸಕ್ಕರೆ ಕಾಯಿಲೆಯವರ ಸಂಘದ ಅಧ್ಯಕ್ಷ ದೋನ್ ಅಬ್ದೋನ್. ಕಸುಬಿನಲ್ಲಿ ಬೇಕರಿಯವನು. ದಿನಾ ಬೆಳಿಗ್ಗೆ ಕೇಂದ್ರದವರು ವ್ಯಾಯಾಮಕ್ಕೆಂದು ಚೌಕದಲ್ಲಿ ರೋಗಿಗಳನ್ನೆಲ್ಲ ಕುಣಿಸುತ್ತಾರಲ್ಲ, ಅಲ್ಲಿ ಮೊದಲ ಸಾಲು ಅವನದೇ.

"ಊಟದ ವಿಷಯದಲ್ಲಿ ಬೇಸರ ಆಗುತ್ತಾ, ದೋನ್ ಅಬ್ದೋನ್?"

"ಬೇಸರಾನಾ! ನಸುಕಿಗೇ ಎದ್ದು ನನ್ನ ಕೈಯಾರೆ ಸಿಹಿ ಬನ್ನು ಮಾಡ್ತೀನಿ. ಒಂದು ಚೂರು ಬಾಯಿಗೆ ಹಾಕೋ ಹಾಗಿಲ್ಲ. ಇದಕ್ಕಿಂತ ನರಕ ಇದೆಯೇನಯ್ಯಾ? ಮೂರು ಬರಿ! ನಾಲ್ಕು ಇದ್ರೆ ನಾಲ್ಕು ಬರಿ!"

ಹತ್ತು ಪ್ರಶ್ನೆ, ಒಂದಕ್ಕೆ ಹೆಚ್ಚೆಂದರೆ ಮೂರು ಅಂಕ. ಕೂಡಿ ನೋಡಿದರೆ ಅಬ್ದೋನನಿಗೆ ಇಪ್ಪತ್ತೇಳು, ತಾರ್ಹೇಲಿಯಾಗೆ ನಾಲ್ಕು.

ಇದು ಬರೀ ಅಂಕದ ಮಾತಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪ್ರಾಂತದ ಬಿಸಿನೀರಿನ ಬುಗ್ಗೆಯ ಆಸ್ಪತ್ರೆಯಲ್ಲಿ ನಮ್ಮೂರಿನ ಪಾಲಿಗೆ ಒಂದು ಹಾಸಿಗೆ ಖಾಲಿಯಿತ್ತು. ಊಟ, ಮಾಲೀಸು, ಮೂರು ವಾರದ ಸ್ನಾನ, ಎಲ್ಲವೂ ಪುಕ್ಕಟೆ. ಊರಿನಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರಿಗೆ. ಎಫ್ರೈನನಿಗೂ ಅದರಲ್ಲಿ ಒಂದು ಸ್ವಾರ್ಥವಿತ್ತು. ಏಳು ವರ್ಷದಿಂದ ಅವನು ಹಂಗಾಮಿ ಗುಮಾಸ್ತ. "ತಕರಾರಿಲ್ಲದ ಪಟ್ಟಿ ಇವತ್ತು ಹೋಗಲಿ, ನಿನ್ನನ್ನ ಕಾಯಂ ಮಾಡೋ ಕಾಗದ ಇವತ್ತೇ ತರಿಸ್ತೀನಿ," ಎಂದು ಡಾಕ್ಟರಮ್ಮ ನೆಲ್ಲಿ ಮಾತು ಕೊಟ್ಟಿದ್ದರು.

ತಕರಾರು ಐದೇ ನಿಮಿಷಕ್ಕೆ ಶುರುವಾಯಿತು.

"ಕುಣಿಯೋನಿಗೆ ಇಪ್ಪತ್ತೇಳು, ಗುಂಡಿ ಹಾಕಕ್ಕೂ ಆಗದೋಳಿಗೆ ನಾಲ್ಕಾ?" ಎಂದು ಕೀಲಿನವರು ಊರುಗೋಲು ಎತ್ತಿದರು. "ಕೇಳಿದ್ದಕ್ಕೆ ಅವರೇ ಇಲ್ಲ ಅಂದ್ರಲ್ಲ!" ಎಂದು ಸಕ್ಕರೆಯವರು ಎದ್ದು ನಿಂತರು. ತಾರ್ಹೇಲಿಯಾ ಮಾತ್ರ ತಣ್ಣಗೆ, "ಸುಳ್ಳು ಹೇಳಕ್ಕಾಗುತ್ತಾ?" ಎಂದರು.

ಎಫ್ರೈನ್ ಬೆವರೊರೆಸಿಕೊಂಡು ಯೋಚಿಸಿದ. ಸಂತೆಯಲ್ಲಿ ಎರಡು ತಕ್ಕಡಿ ಎರಡು ತೂಕ ತೋರಿಸಿದರೆ ಏನು ಮಾಡುತ್ತಾರೆ? ಒಂದೇ ಕಲ್ಲನ್ನು ಎರಡರಲ್ಲೂ ಇಟ್ಟು ನೋಡುತ್ತಾರೆ. ಹಾಗೆಯೇ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ಅವನ ಕಷ್ಟಕ್ಕೆ ಎರಡೂ ಸಂಘಗಳಿಂದ ಅಂಕ ಹಾಕಿಸುವುದು. ಯಾರ ಕೈ ಧಾರಾಳ, ಯಾರದು ಬಿಗಿ ಎಂದು ತಿಳಿಯುತ್ತದೆ. ಆಮೇಲೆ ಅದಕ್ಕೆ ತಕ್ಕಂತೆ ತಿದ್ದಿದರಾಯಿತು. ಭಲೇ ಎಫ್ರೈನ್, ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಊರಿನಲ್ಲಿ ಯಾರಿಗೂ ಇಲ್ಲದ ಹೆಸರು ಹುಡುಕಿ ಪ್ರುದೆನ್ಸಿಯೊ ಎಂದಿಟ್ಟ. ಆದರೆ ಕಲ್ಪನಾಶಕ್ತಿ ಅಷ್ಟಕ್ಕೇ ಮುಗಿಯಿತು. ಉಳಿದದ್ದಕ್ಕೆ, ಅವನು ಬರೀ ಕಲ್ಪನೆಯೆಂದು ಬಾಯಿಬಿಡದೆ, ತನ್ನ ಕತೆಯನ್ನೇ ಹೇಳತೊಡಗಿದ.

"ಪ್ರುದೆನ್ಸಿಯೊ ಅಂತ ಒಬ್ಬ. ನಲವತ್ತು ದಾಟಿದೆ. ಕಾಲು ಮುರಿದ ಕುರ್ಚಿ ಮೇಲೆ ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ. ಮಧ್ಯಾಹ್ನ ತಣ್ಣಗಾದ ಆಲೂಗಡ್ಡೆ, ಒಬ್ಬನೇ ತಿನ್ನೋದು. ರಾತ್ರಿ ನಿದ್ದೆ ಇಲ್ಲ. ಚೆನ್ನಾಗಿದೀಯೇನಪ್ಪಾ ಅಂತ ಕೇಳೋರೂ ಇಲ್ಲ. ಇವನಿಗೆ ಎಷ್ಟು ಅಂಕ ಹಾಕ್ತೀರಿ?"

ಅಬ್ದೋನ್ ಕರ್ಚೀಫಿನಲ್ಲಿ ಮೂಗು ಸೀಟಿದ. "ಮೂವತ್ತು," ಅಂದ. "ಮೂವತ್ತಕ್ಕೆ ಮೂವತ್ತು!"

ಕೀಲಿನವರು ತಮ್ಮ ನೋವಿಗೆ ಜಿಪುಣರು, ಪರರ ನೋವಿಗಲ್ಲ. ಅವರೂ ಮೂವತ್ತನ್ನೇ ಕೊಟ್ಟರು. ತಾರ್ಹೇಲಿಯಾ ಮಾತ್ರ ಎಫ್ರೈನನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಪಾಪದ ಮುಂಡೇದು," ಎಂದರು.

ಅಲ್ಲಿಗೆ ಕಲ್ಲು ಎರಡು ತಕ್ಕಡಿಯಲ್ಲೂ ಒಂದೇ ತೂಗಿತು. ತಿದ್ದುವುದಕ್ಕೆ ಏನೂ ಉಳಿಯಲಿಲ್ಲ; ಅಬ್ದೋನನೇ ಗೆದ್ದ ಹಾಗಾಯಿತು. ಇದು ಅನ್ಯಾಯ ಎಂದು ಎಫ್ರೈನನಿಗೂ ಗೊತ್ತು. ಆದರೂ ಲೆಕ್ಕ ಲೆಕ್ಕವೇ ತಾನೆ? ತೂಗಿ ನೋಡಿದ್ದಕ್ಕೆ ದಾಖಲೆ ಇರಲೆಂದು ಕಂಪ್ಯೂಟರಿನ ಪಟ್ಟಿಯಲ್ಲಿ ಪ್ರುದೆನ್ಸಿಯೊನ ಹೆಸರಿನ ಮುಂದೆ ಮೂವತ್ತು ಬರೆದು, ಕೆಳಗೆ ಸಣ್ಣಕ್ಷರದಲ್ಲಿ 'ಈತ ಅಳತೆಗಷ್ಟೇ, ನಿಜದ ರೋಗಿಯಲ್ಲ' ಎಂದು ಸೇರಿಸಿದ. ಡಾಕ್ಟರಮ್ಮ ಓದದೆ ಸಹಿ ಹಾಕಿದರು. ಹನ್ನೊಂದಕ್ಕೆ ಪಟ್ಟಿ ಹೋಯಿತು.

ಹನ್ನೆರಡಕ್ಕೆ ಅಬ್ದೋನ್ ಬನ್ನಿನ ಬುಟ್ಟಿ ಹೊತ್ತು ಬಂದ. "ಪ್ರುದೆನ್ಸಿಯೊನ ಮನೆ ಎಲ್ಲಯ್ಯಾ?"

"ಅದು... ಹೊಳೆಯಾಚೆ," ಅಂದ ಎಫ್ರೈನ್, ಬಾಯಿಗೆ ಬಂದದ್ದನ್ನು.

ಒಂದು ಗಂಟೆಗೆ ಇಡೀ ಸಕ್ಕರೆ ಸಂಘ ಹೊಳೆಯಾಚೆ ಮನೆಮನೆಯ ಬಾಗಿಲು ಬಡಿಯುತ್ತಿತ್ತು. ಕೀಲಿನವರು ನಡೆಯಲಾರದ್ದರಿಂದ ಕೇಂದ್ರದ ಜಗಲಿಯಲ್ಲೇ ಕೂತು, ಕೋಳಿಸಾರಿನ ಪಾತ್ರೆ ಮುಂದಿಟ್ಟುಕೊಂಡು, ಪ್ರುದೆನ್ಸಿಯೊನಿಗೆ ಒಂದು ಹೆಣ್ಣು ನೋಡುವ ಮಾತಿಗೆ ಇಳಿದಿದ್ದರು.

ಎರಡಕ್ಕೆ ಪ್ರಾಂತದ ಕಚೇರಿಯಿಂದ ಫೋನು ಬಂತು. ಸಣ್ಣಕ್ಷರ ಓದುವ ಅಭ್ಯಾಸ ಆ ಕಚೇರಿಯಲ್ಲಿ ಯಾರಿಗೂ ಇಲ್ಲ. "ನಿಮ್ಮೂರಿನ ಪ್ರುದೆನ್ಸಿಯೊಗೆ ಹಾಸಿಗೆ ಸಿಕ್ಕಿದೆ. ಮೂವತ್ತಕ್ಕೆ ಮೂವತ್ತು ಇಡೀ ಪ್ರಾಂತದಲ್ಲೇ ಇವರೊಬ್ಬರಿಗೆ! ನಾಲ್ಕಕ್ಕೆ ವ್ಯಾನು ಬರುತ್ತೆ."

ಎಫ್ರೈನ್ ಧೊಪ್ಪನೆ ಕೂತ ಹೊಡೆತಕ್ಕೆ ಕುರ್ಚಿಯ ಕಾಲು ಪೂರ್ತಿ ಮುರಿಯಿತು. ನೆಲದಿಂದ ಏಳುವಾಗ ಸೊಂಟವೂ ಪೂರ್ತಿ ಹಿಡಿದುಕೊಂಡಿತ್ತು.

"ಅಂಥಾ ಮನುಷ್ಯನೇ ಇಲ್ಲ ಅಂತ ಹೇಳಿಬಿಡ್ತೀನಿ, ಡಾಕ್ಟರಮ್ಮ."

"ಹೇಳು. ಇಲ್ಲದ ರೋಗಿನ ಪಟ್ಟಿಗೆ ಸೇರಿಸಿದೋನನ್ನ ಕಾಯಂ ಮಾಡ್ತಾರಾ? ಕೆಳಗೆ ನನ್ನ ಸಹಿ ಬೇರೆ ಇದೆ." ಡಾಕ್ಟರಮ್ಮ ಅವನ ಕುಂಟು ನಡಿಗೆ ನೋಡಿದರು. ನೋಡುತ್ತಲೇ ಇದ್ದರು. "ಎಫ್ರೈನ್, ನಿನಗೆ ಮೂರು ವಾರ ರಜೆ ಬಾಕಿ ಇದೆ ಅಲ್ವಾ?"

ನಾಲ್ಕಕ್ಕೆ ಹಿಂಬಾಗಿಲಿಗೆ ವ್ಯಾನು ಬಂದಾಗ ಎಫ್ರೈನ್ ಕಿವಿಯವರೆಗೆ ಕಂಬಳಿ ಹೊದ್ದು ನಿಂತಿದ್ದ. ಪರವೂರಿನ ಚಾಲಕ ಅವನನ್ನು ಕಂಡು ಲೊಚಗುಟ್ಟಿದ. "ಇವರೇ ಪ್ರುದೆನ್ಸಿಯೊ ಇರಬೇಕು. ಅಯ್ಯೋ, ಮುಖ ನೋಡಿದ್ರೇ ಗೊತ್ತಾಗುತ್ತೆ. ಜೊತೆಗೆ ಯಾರೂ ಇಲ್ವಾ? ಆರೈಕೆಗೆ ಒಬ್ರು ಬರಬಹುದು. ಅವರಿಗೂ ಊಟ, ಸ್ನಾನ, ಮಾಲೀಸು ಎಲ್ಲಾ ಇದೆ."

"ಯಾಕಿಲ್ಲ, ನಾನಿದೀನಿ," ಎನ್ನುತ್ತ ತಾರ್ಹೇಲಿಯಾ ಬಾಗಿಲ ಮರೆಯಿಂದ ಬಂದರು. ಒಂದು ಕೈಯಲ್ಲಿ ಊರುಗೋಲು, ಭುಜದ ಮೇಲೆ ಗಂಟು. ಆಕೆಗೆ ಬೆಳಿಗ್ಗೆಯೇ ಎಲ್ಲ ಅರ್ಥವಾಗಿತ್ತು. ರಾತ್ರಿಯಿಡೀ ಮಹಡಿಯ ಮೇಲೆ ಯಾರು ಅಡ್ಡಾಡುತ್ತಾರೆ ಎಂದು ಮನೆಯೊಡತಿಗೆ ಗೊತ್ತಿರುವುದಿಲ್ಲವೇ? "ನಾಲ್ಕು ಅಂಕದೋರನ್ನೂ ಬಿಸಿನೀರಿಗೆ ಬಿಡ್ತಾರೆ ತಾನೆ?" ಎಂದು ಅವನ ಕಿವಿಯಲ್ಲಿ ಉಸುರಿ, ವ್ಯಾನಿನೊಳಗೆ ಅವನ ಪಕ್ಕದಲ್ಲಿ ಕೂತರು.

ಎಫ್ರೈನನ ಎದೆ ಹಗುರಾಯಿತು. ಹಾಸಿಗೆ ಸೇರಬೇಕಾದವರ ಹತ್ತಿರಕ್ಕೇ ಸೇರುತ್ತಿತ್ತು. ಕಾಯಂ ಕಾಗದ ಇವತ್ತು ಬಂದರೂ, ತಾನು ಮೂರು ವಾರ ಕಳೆದು ಬರುವವರೆಗೆ ಮೇಜಿನ ಮೇಲೆ ಕಾಯುತ್ತದೆ ಎಂದುಕೊಂಡ. ಅವನು ಕಣ್ಣು ಮುಚ್ಚಿ ಬೆನ್ನು ಒರಗಿಸಿದ.

ಅಷ್ಟರಲ್ಲಿ ಮೋಟಾರ್ ಸೈಕಲ್ಲೊಂದು ವ್ಯಾನಿನ ಪಕ್ಕಕ್ಕೆ ಬಂದು ನಿಂತಿತು. ಸವಾರ ಚೀಲದಿಂದ ಮೊಹರಿದ್ದ ಲಕೋಟೆ ತೆಗೆದ.

"ಇಲ್ಲಿ ಎಫ್ರೈನ್ ಯಾರ್ರೀ? ಕಾಯಂ ಆದೇಶ. ಐದು ಗಂಟೆ ಒಳಗೆ ಖುದ್ದು ಸಹಿ ಹಾಕ್ಬೇಕು. ಇಲ್ದಿದ್ರೆ ಕೆಲಸ ಪಟ್ಟಿಲಿರೋ ಮುಂದಿನೋರಿಗೆ ಹೋಗುತ್ತೆ."

ಡಾಕ್ಟರಮ್ಮ ಆಕಾಶ ನೋಡಿದರು. ಚಾಲಕ, "ಯಾರಪ್ಪಾ ಅದೃಷ್ಟವಂತ?" ಎಂದು ನಗುತ್ತ ಗೇರು ಹಾಕಿದ. ಕಂಬಳಿಯೊಳಗಿನಿಂದ ಒಂದು ಕೈ ಕಿಟಕಿಯ ಕಡೆಗೆ ಚಾಚಿತು. ತಾರ್ಹೇಲಿಯಾ ತಮ್ಮ ಸೊಟ್ಟ ಬೆರಳುಗಳಿಂದ ಆ ಕೈಯನ್ನು ಮೆಲ್ಲಗೆ ಒಳಗೆಳೆದು ಕಂಬಳಿ ಸರಿಮಾಡಿದರು.

"ಸುಮ್ನೆ ಕೂತ್ಕೋ, ಪ್ರುದೆನ್ಸಿಯೊ. ಆ ಗುಮಾಸ್ತನ ಚಿಂತೆ ನಿಂಗ್ಯಾಕೆ?"