ಕೊಂಕಲ್ ದಾರಿಯಲ್ಲಿ ರೇಸಿನ ಕ್ಲಚ್ಚು

ಬೇಕಾದ ವಸ್ತುವನ್ನು ಕೊಳ್ಳುವುದಕ್ಕೆ ಮನುಷ್ಯನಿಗೆ ಹೆಚ್ಚು ಹೊತ್ತು ಬೇಡ. ಬೇಡದ್ದನ್ನು ಕೊಳ್ಳುವಾಗ ಮಾತ್ರ ಅವನು ಪಂಡಿತನಾಗುತ್ತಾನೆ. ನಾನು ಸಂತೆಯಲ್ಲಿ ಉಳ್ಳಾಗಡ್ಡಿಯನ್ನು ಒಮ್ಮೆ ಒತ್ತಿಯೂ ನೋಡದೆ ಚೀಲಕ್ಕೆ ಸುರಿಸಿಕೊಂಡು ಬಂದು ಮನೆಯಲ್ಲಿ ಬೈಸಿಕೊಳ್ಳುವವನು. ಮಗಳಿಗೆ ಶಾಲೆ ಆರಿಸಿದ್ದು ಅದರ ಮುಂದೆ ಬೇವಿನ ಮರವಿದೆ, ಗಾಡಿ ನೆರಳಿಗೆ ನಿಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ. ಆದರೆ ಕಾರಿಗೊಂದು ಕ್ಲಚ್ಚು ಆರಿಸಬೇಕಾಗಿ ಬಂದಾಗ ಇಡೀ ಬೇಸಿಗೆಯನ್ನು ಅದಕ್ಕೆ ಧಾರೆ ಎರೆದೆ. ಅಷ್ಟು ಓದು, ಅಷ್ಟು ವಿಚಾರ, ಅಷ್ಟು ಜನರ ಸಲಹೆ ನನ್ನ ಮದುವೆಗೂ ಆಗಿರಲಿಲ್ಲ. ಆಗದೆ ಇದ್ದದ್ದೇ ಒಳ್ಳೆಯದಾಯಿತೆಂದು ನನ್ನ ಹೆಂಡತಿ ಸುನಂದೆಯ ಅಭಿಪ್ರಾಯ. "ನೀವು ವಿಚಾರ ಮಾಡಿದ್ರ ಮತ್ಯಾರನ್ನೋ ತರ್ತಿದ್ರಿ. ಪಾಪ, ಆಕಿ ಬಾಳೇ ಹಾಳಾಗ್ತಿತ್ತು" ಎನ್ನುತ್ತಾಳೆ.

ನಮ್ಮ ಮನೆ ಶಹಾಪುರದಲ್ಲಿ, ನನ್ನ ನೌಕರಿ ಸುರಪುರದಲ್ಲಿ. ನೌಕರಿಯೆಂದರೆ ಕಾಲುವೆಯ ಕೆಲಸಕ್ಕೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಕಾಲುವೆ ಬಂದ ಮೇಲೆ ನಮ್ಮ ಕಡೆ ಎಲ್ಲವೂ ತಿರುವುಮುರುವಾಯಿತು. ಜೋಳ ಇದ್ದಲ್ಲಿ ಭತ್ತ ಬಂತು, ಎತ್ತು ಇದ್ದಲ್ಲಿ ಟ್ರ್ಯಾಕ್ಟರು ಬಂತು, ಟ್ರ್ಯಾಕ್ಟರು ಇದ್ದವರ ಅಂಗಳಕ್ಕೆ ಕಾರು ಬಂತು. ನೀರು ಕೊನೆಯ ಹೊಲದವರೆಗೆ ಮುಟ್ಟಿತೋ ಇಲ್ಲವೋ, ಶೋಕಿ ಮಾತ್ರ ಕೊನೆಯ ಗುಮಾಸ್ತನವರೆಗೂ ಮುಟ್ಟಿತು. ಕೆಂಭಾವಿಯ ಒಬ್ಬ ಅಕ್ಕಿ ವ್ಯಾಪಾರಿ ಹುರುಪಿನಲ್ಲಿ ಒಂದು ಓಟದ ಕಾರು ಕೊಂಡಿದ್ದ. ಕೆಂಪು ಬಣ್ಣ, ನಾಲ್ಕು ಬಾಗಿಲಿದ್ದರೂ ನೆಲಕ್ಕೆ ಅಂಟಿಕೊಂಡಂಥ ಕುಳ್ಳು ಗಾಡಿ. ಒಳಗೆ ಕೂರುವುದು ಅವನಿಗೆ ಸಾಧ್ಯವಾಗುತ್ತಿತ್ತು. ಹೊರಗೆ ಬರುವಾಗ ಹೊಟ್ಟೆಯೂ ಸ್ಟೇರಿಂಗೂ ಒಂದನ್ನೊಂದು ಬಿಡುತ್ತಿರಲಿಲ್ಲ. ಒಂದು ಸಲ ಹಮಾಲರು ಬಂದು ಎಳೆಯಬೇಕಾಯಿತಂತೆ. ಆ ವಾರವೇ ಅವನು ಅದನ್ನು ನನಗೆ ಮಾರಿದ. ನನಗೆ ಹೊಟ್ಟೆ ಇರಲಿಲ್ಲ. ಬುದ್ಧಿಯೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಓಟದ ಕಾರು ಇಟ್ಟುಕೊಳ್ಳುವುದೆಂದರೆ ಹಿತ್ತಲಲ್ಲಿ ರೇಸಿನ ಕುದುರೆ ಕಟ್ಟಿ ಅದರಿಂದ ಜೋಳದ ಮೂಟೆ ಹೊರಿಸಿದಂತೆ. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಯಂತ್ರ ರಸ್ತೆಯ ಅಗಲವನ್ನೆಲ್ಲ ತುಂಬಿಕೊಂಡು ಆನೆಯ ಗತ್ತಿನಲ್ಲಿ ಸಾಗುತ್ತಿರುತ್ತದೆ. ಅದು ಸರಿದರೆ ಹುಲ್ಲಿನ ಟ್ರ್ಯಾಕ್ಟರು, ಅದು ಸರಿದರೆ ಎಮ್ಮೆ. ಎಮ್ಮೆ ಸರಿಯುವುದಿಲ್ಲ. ಇಷ್ಟಾದರೂ ನನಗೆ ಕಾರಿನ ಶಕ್ತಿ ಸಾಲದೆನ್ನಿಸಿತು. ಹೈದರಾಬಾದಿಗೆ ಒಯ್ದು, ಕಂಪ್ಯೂಟರು ಹಚ್ಚಿಸಿ, ಇಂಜಿನ್ನಿನ ಜೋರು ಇನ್ನಷ್ಟು ಹೆಚ್ಚಿಸಿಕೊಂಡು ಬಂದೆ. ಎಮ್ಮೆಗಳ ಹಿಂದೆ ಇನ್ನೂ ಹೆಚ್ಚಿನ ಶಕ್ತಿಯಿಂದ ನಿಲ್ಲತೊಡಗಿದೆ.

ಆ ಜೋರಿಗೆ ಮೊದಲು ಸೋತದ್ದು ಕ್ಲಚ್ಚು. ಕ್ಲಚ್ಚೆಂದರೇನೆಂದು ತಿಳಿಯದ ಪುಣ್ಯವಂತರಿಗಾಗಿ ಎರಡು ಮಾತು ಹೇಳಬೇಕು. ಇಂಜಿನ್ನು ಒಂದೇ ಸಮನೆ ತಿರುಗುತ್ತಿರುತ್ತದೆ. ಚಕ್ರ ಒಮ್ಮೆ ತಿರುಗಬೇಕು, ಒಮ್ಮೆ ನಿಲ್ಲಬೇಕು. ಎಡಗಾಲಿನಿಂದ ಒತ್ತಿದಾಗ ಇವೆರಡರ ಸಂಬಂಧ ಬಿಡಿಸಿ, ಕಾಲು ಸಡಿಲಿಸಿದಾಗ ಮೆಲ್ಲಗೆ ಮತ್ತೆ ಕೂಡಿಸುವ ಒರಟು ಮೈಯ ತಟ್ಟೆಯೇ ಕ್ಲಚ್ಚು. ನನ್ನ ಕಾರಿನ ತಟ್ಟೆ ಹೊಸ ಜೋರನ್ನು ತಡೆಯಲಾರದೆ ಜಾರತೊಡಗಿತು. ಆಕ್ಸಿಲರೇಟರು ತುಳಿದರೆ ಇಂಜಿನ್ನು ಬೊಬ್ಬೆ ಹೊಡೆಯುತ್ತಿತ್ತು, ಕಾರು ಮಾತ್ರ ಅದೇ ನಡಿಗೆಯಲ್ಲಿ ಸಾಗುತ್ತಿತ್ತು. ಮೇಲಿನವರು ಕೂಗುವುದು, ಕೆಳಗಿನವರು ಕದಲದಿರುವುದು ನನಗೆ ಹೊಸದೇನಲ್ಲ, ಕಚೇರಿಯಲ್ಲಿ ದಿನವೂ ನೋಡುತ್ತೇನೆ. ಆದರೆ ಕಚೇರಿಯಲ್ಲಿ ಸುಟ್ಟ ವಾಸನೆ ಬರುವುದಿಲ್ಲ.

ಸುದ್ದಿ ತಿಳಿದು ಯಾದಗಿರಿಯಿಂದ ಸುನಂದೆಯ ತಮ್ಮ ಮಲ್ಲಿಕಾರ್ಜುನ ಓಡಿ ಬಂದ. ಅವನಿಗೆ ಸ್ವಂತ ಕಾರಿಲ್ಲ. ಕಾರಿಲ್ಲದವರಿಗೆ ಕಾರಿನ ವಿಷಯದಲ್ಲಿ ಇರುವ ನಿಷ್ಠುರ ಜ್ಞಾನ ಇದ್ದವರಿಗೆ ಇರುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಹಚ್ಚಿ ನನ್ನ ಪಕ್ಕ ಕೂತ. ಕ್ಲಚ್ಚುಗಳಲ್ಲಿ ಒಂದು, ಎರಡು, ಮೂರು ಎಂದು ದರ್ಜೆಗಳಿವೆ ಎಂದು ಅವನಿಂದಲೇ ತಿಳಿಯಿತು. ನಮ್ಮ ಕಚೇರಿಯಲ್ಲಿ ಒಂದನೆಯ ದರ್ಜೆಯವನು ಎರಡನೆಯವನಿಗಿಂತ ದೊಡ್ಡವನು. ಕ್ಲಚ್ಚಿನ ಲೋಕದಲ್ಲಿ ತಿರುಗುಮುರುಗು. ಒಂದನೆಯ ದರ್ಜೆಯದು ಕಂಪನಿಯ ಕ್ಲಚ್ಚಿಗಿಂತ ತುಸು ಬಿಗಿ, ಆದರೆ ಮೆತ್ತಗೆ ಹಿಡಿಯುವಂಥದು, ದಿನದ ಓಡಾಟಕ್ಕೆ ಸಾಕು. ಮೂರನೆಯದರ ತಟ್ಟೆಗೆ ಅಲ್ಲಲ್ಲಿ ಗಟ್ಟಿ ಬಿಲ್ಲೆಗಳು ಮಾತ್ರ. ಹಿಡಿದರೆ ಒಮ್ಮೆಲೇ ಹಿಡಿಯುತ್ತದೆ, ಬಿಟ್ಟರೆ ಒಮ್ಮೆಲೇ ಬಿಡುತ್ತದೆ. ಅದು ರೇಸಿನವರದು.

"ಮಾಮಾ, ಒಂದನೇದು ಹಾಕೋದು ಅಂದ್ರ ಹುಲಿ ತಂದು ಹಾಲು ಕುಡಿಸಿದಂಗ. ಹಾಕಿದ್ರ ಮೂರನೇದ ಹಾಕಬೇಕು" ಎಂದ ಮಲ್ಲಿಕಾರ್ಜುನ.

"ನಮ್ಮದು ದಿನಾ ಓಡಾಡೋ ಗಾಡಿ ಅಲ್ಲೇನೋ?"

"ಅದಕ್ಕ ಹೇಳಾಕತ್ತೇನಿ. ದಿನಾ ಓಡಾಡತಾದ, ದಿನಾ ಮಜಾ ಬರ್ತಾದ."

ಎರಡನೆಯ ಅಭಿಪ್ರಾಯಕ್ಕೆಂದು ಸುರಪುರದ ಮೆಕ್ಯಾನಿಕ್ ಖಾಜಾಮಿಯಾರ ಬಳಿ ಹೋದೆ. ಅರವತ್ತು ದಾಟಿದ ಮನುಷ್ಯ, ಜೀಪು, ಟ್ರ್ಯಾಕ್ಟರು, ನೀರೆತ್ತುವ ಇಂಜಿನ್ನು ಎಲ್ಲವನ್ನೂ ಬಿಚ್ಚಿ ಜೋಡಿಸಿದವರು. ಇವರಾದರೂ ಬುದ್ಧಿ ಹೇಳುತ್ತಾರೆಂದು ನಂಬಿದ್ದೆ. ಅವರು ಮೊಬೈಲಿನಲ್ಲಿ ಆ ರೇಸಿನ ತಟ್ಟೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಇದನ್ನ ತರಸ್ರಿ ಸಾಹೇಬ್ರ."

"ನಮ್ಮ ರಸ್ತಾಕ್ಕ ಬರೋಬ್ಬರಿ ಆಗ್ತದೇನ್ರಿ?"

"ಅದು ಅಲ್ಲಾಗೇ ಗೊತ್ತು. ಖರೇ ಹೇಳ್ತೇನ್ರಿ, ಇಷ್ಟು ವರ್ಷ ಆತು, ಇಂಥಾ ಚೀಜು ನಾ ಕೈಲಿ ಮುಟ್ಟಿಲ್ಲ. ನೀವು ತರಸ್ಲಿಲ್ಲಂದ್ರ ಈ ಸೀಮ್ಯಾಗ ಮತ್ಯಾರು ತರಸ್ತಾರ್ರಿ?"

ಆ ಮಾತಿನ ಮೊದಲರ್ಧ ನನಗೆ ಎಚ್ಚರಿಕೆಯಾಗಿ ಕೇಳಿಸಬೇಕಿತ್ತು. ಕೇಳಿಸಿದ್ದು ಕೊನೆಯರ್ಧ ಮಾತ್ರ, ಅದೂ ಹೊಗಳಿಕೆಯಾಗಿ. ರಾತ್ರಿ ಊಟಕ್ಕೆ ಕೂತಾಗ ಸುನಂದೆಗೆ ಎಲ್ಲ ದರ್ಜೆಗಳನ್ನೂ ವಿವರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಇದು ನಿಮಗ ಓಡಸಾಕ ಬೇಕೋ, ಮಂದಿ ಮುಂದ ಹೇಳಾಕ ಬೇಕೋ?"

"ಎರಡಕ್ಕೂ ಅಂತ ತಿಳ್ಕೋ."

"ಹಂಗಾದ್ರ ಸಾದಾದ್ದು ಹಾಕಸ್ರಿ, ಮಂದಿಗೆ ರೇಸಿಂದು ಅಂತ ಹೇಳ್ರಿ. ಒಳಗ ಹೊಕ್ಕು ಯಾರು ನೋಡ್ತಾರ?"

ಇಡೀ ಬೇಸಿಗೆಯಲ್ಲಿ ನಾನು ಕೇಳಿದ ಅತ್ಯುತ್ತಮ ತಾಂತ್ರಿಕ ಸಲಹೆ ಅದು. ಸಲಹೆ ಉತ್ತಮವಾಗಿತ್ತು ಎಂಬುದಕ್ಕಿಂತ ಅದನ್ನು ಹೆಂಡತಿ ಹೇಳಿದಳು ಎಂಬುದು ದೊಡ್ಡದಾಯಿತು. ಮೂರನೆಯ ದರ್ಜೆಯನ್ನೇ ತರಿಸಿದೆ. ಖಾಜಾಮಿಯಾ ಅದನ್ನು ಡಬ್ಬಿಯಿಂದ ತೆಗೆದು, ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿ, ಮೊಮ್ಮಗನನ್ನು ಎತ್ತಿ ಆಡಿಸುವಂತೆ ಆಡಿಸಿ, ಆಮೇಲೆ ಕಾರಿಗೆ ಕೂಡಿಸಿದರು.

ಮೊದಲ ದಿನ ಪೆಡಲು ತುಳಿದಾಗ ಕಾಲ ಕೆಳಗೆ ಇಟ್ಟಿಗೆ ಸಿಕ್ಕಿಕೊಂಡಿದೆಯೆಂದು ಬಗ್ಗಿ ನೋಡಿದೆ. ಇಟ್ಟಿಗೆ ಇರಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ಒತ್ತಿ, ಗೇರು ಹಾಕಿ, ಕಾಲು ಸಡಿಲಿಸಿದೆ. ಕಾರು ಮೊದಲು ಗಡಗಡ ನಡುಗಿತು, ಆಮೇಲೆ ಕಪ್ಪೆಯ ಹಾಗೆ ಜಿಗಿದು, ಜಿಗಿದ ಜಾಗದಲ್ಲಿ ಸತ್ತಿತು. ಖಾಜಾಮಿಯಾ "ವಾಹ್!" ಎಂದರು. ತೆರೆದ ರಸ್ತೆಯಲ್ಲಿ ಅದು ನಿಜಕ್ಕೂ ಬಾಣದಂತೆ ಹೋಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ನಮ್ಮ ದಾರಿಯಲ್ಲಿ ತೆರೆದ ರಸ್ತೆ ಎಷ್ಟಿದೆ? ಪ್ರತಿ ಊರಿನವರೂ ತಮ್ಮ ಮಾನಕ್ಕೆ ತಕ್ಕಷ್ಟು ಎತ್ತರದ ಉಬ್ಬು ಕಟ್ಟಿಕೊಂಡಿದ್ದಾರೆ. ಉಬ್ಬಿಗೊಂದು ತುಳಿತ, ಎಮ್ಮೆಗೊಂದು ತುಳಿತ. ಕಚೇರಿಗೆ ಮುಟ್ಟುವಷ್ಟರಲ್ಲಿ ಎಡಗಾಲು ನನ್ನದಲ್ಲವೇನೋ ಎನ್ನುವಂತಾಗುತ್ತಿತ್ತು. ಕುಂಟುತ್ತ ಒಳಗೆ ಬಂದರೆ ಸಹೋದ್ಯೋಗಿಗಳು ವಾತಕ್ಕೆ ಎಣ್ಣೆ ಹೇಳುತ್ತಿದ್ದರು. ಮಳೆಗಾಲದ ಹೊತ್ತಿಗೆ ಪ್ಯಾಂಟು ಹೊಲಿಸಲು ಹೋದಾಗ ದರ್ಜಿ ಅಳತೆ ಪಟ್ಟಿಯನ್ನು ಎರಡೆರಡು ಸಲ ಹಿಡಿದು, "ಸರ್, ಎಡಗಡೀ ತೊಡಿ ಗರಡಿ ಪೈಲ್ವಾನಂದು ಆಗ್ಯಾದ, ಬಲಗಡೀದು ಇನ್ನೂ ಗುಮಾಸ್ತಂದೇ ಅದ" ಎಂದ. ಇಷ್ಟಾದರೂ ಯಾರು ಕೇಳಿದರೂ, "ಏನ್ ಹಿಡತ ಅಂತೀರಿ!" ಎಂದೇ ಹೇಳುತ್ತಿದ್ದೆ. ನನ್ನ ಮಾತು ಸುಳ್ಳಲ್ಲ. ಹಿಡಿತ ಕಾರಿನದೋ ಮೀನಖಂಡದ್ದೋ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅದೇ ದಿನಗಳಲ್ಲಿ ಸುನಂದೆಗೆ ಬಡ್ತಿ ಬಂತು. ಮುದನಾಳದಲ್ಲಿ, ಆಮೇಲೆ ಶಹಾಪುರದಲ್ಲಿ ಶಿಕ್ಷಕಿಯಾಗಿ ದುಡಿದವಳು ಕೊಂಕಲ್ ಊರಿನ ಶಾಲೆಗೆ ಮುಖ್ಯಗುರುಮಾತೆಯಾದಳು. ಕಿರಿಯರೆಲ್ಲ ಮುಂದೆ ಹೋದ ಮೇಲೆ, ಅವಳೇ ಆಸೆ ಬಿಟ್ಟ ಮೇಲೆ ಬಂದ ಬಡ್ತಿ ಅದು. ಸೇರುವ ದಿನ ಬೆಳಗ್ಗೆ ಪಲ್ಯಕ್ಕೆ ಸೌಟಾಡಿಸುತ್ತ ಒಲೆಯ ಮುಂದೆ, "ಮಕ್ಕಳೇ, ಹೊತ್ತಿಗೆ ಸರಿಯಾಗಿ ಬರೋದು ಮೊದಲನೇ ಪಾಠ" ಎಂದು ಮೆಲ್ಲಗೆ ಭಾಷಣ ಅಭ್ಯಾಸ ಮಾಡುತ್ತಿದ್ದಳು. ತವರಿನವರು ಕೊಟ್ಟ ಇಳಕಲ್ ಸೀರೆ ಉಟ್ಟಿದ್ದಳು.

"ನಾ ಬಸ್ಸಿಗೇ ಹೋಗ್ತೀನ್ರಿ" ಎಂದಳು.

"ಮುಖ್ಯಗುರುಮಾತೆ ಬಸ್ಸಿನ್ಯಾಗ ಬಂದಿಳಿದ್ರ ಊರಾಗ ಏನು ಕಿಮ್ಮತ್ತು ಉಳೀತದ? ನಾ ಬಿಡ್ತೀನಿ ನಡಿ" ಎಂದು ರಜೆ ಹಾಕಿದೆ. ಅವಳು ಕಾರನ್ನು ನೋಡಿದಳು, ನನ್ನ ಕಾಲನ್ನು ನೋಡಿದಳು, ಹತ್ತಿ ಕೂತಳು.

ಕೊಂಕಲ್ ಇನ್ನೇನು ಬಂತು ಎನ್ನುವಾಗ ಒಂದು ಉಪಕಾಲುವೆಯ ಸೇತುವೆ ಇದೆ. ಕಿರಿದು, ಏರುದಾರಿ. ಕಾಲುವೆಗೆ ನೀರು ಬಿಟ್ಟಿದ್ದರು, ಎಲ್ಲೆಡೆ ನಾಟಿಯ ಗಡಿಬಿಡಿ. ಸೇತುವೆಯ ಮೇಲೆ ಕುರಿಹಿಂಡು ಎದುರು ಬರುತ್ತಿತ್ತು. ಏರಿನಲ್ಲಿ ಗಾಡಿಯನ್ನು ಇಷ್ಟಿಷ್ಟೇ ಮುಂದೆ ತೆವಳಿಸಬೇಕು. ನನ್ನ ಕ್ಲಚ್ಚಿಗೆ ಇಷ್ಟಿಷ್ಟೇ ಎಂಬ ಮಾತೇ ತಿಳಿಯದು. ಬಿಟ್ಟರೆ ಹಿಂದೆ ಉರುಳುತ್ತದೆ, ಹಿಡಿದರೆ ಕುರಿಗಳ ಮೇಲೆ ಜಿಗಿಯುತ್ತದೆ. ನಡುಗಿತು, ಜಿಗಿಯಿತು, ಸತ್ತಿತು. ಮತ್ತೆ ಎಬ್ಬಿಸಿದೆ, ಮತ್ತೆ ಸತ್ತಿತು. ಸುನಂದೆಯ ತಲೆಯ ಹೂವು ಡ್ಯಾಷ್‌ಬೋರ್ಡಿಗೆ ಬಂದು ಬಿತ್ತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಇನ್ನೊಂದು ಸಲ ಒತ್ತೋಣವೆಂದರೆ ಎಡಗಾಲು ತೊಡೆಯಿಂದ ಹೆಬ್ಬೆರಳಿನವರೆಗೆ ಸೆಟೆದು ಕಟ್ಟಿಗೆಯಾಯಿತು. "ಅಯ್ಯಪ್ಪಾ!" ಎಂದು ಕೂಗಿದೆ. ಎದುರಿನ ಟಗರೊಂದು ನಿಂತು ಉತ್ತರ ಕೊಟ್ಟಿತು.

ಹಿಂದೆ ನಾಟಿಗೆ ಹೊರಟ ಹೆಣ್ಣುಮಕ್ಕಳ ಟ್ರ್ಯಾಕ್ಟರು ಬಂದು ನಿಂತಿತ್ತು. ಅವರಲ್ಲಿ ಹಿರಿಯಳಾದ ಹಣಮವ್ವ ಎಂಬಾಕೆ ಇಳಿದು ಕಿಟಕಿಗೆ ಬಗ್ಗಿದಳು.

"ಯಾಕಪ್ಪಾ, ಗಾಡಿ ಕೆಟ್ಟಾದೋ, ಕಾಲು ಕೆಟ್ಟಾದೋ?"

"ಎರಡೂ ಅವ್ವಾ" ಎಂದು ನನ್ನ ಪರವಾಗಿ ಸುನಂದೆಯೇ ಹೇಳಿದಳು. "ನಾ ಕೊಂಕಲ್ ಸಾಲಿಗೆ ಹೊಸಾ ಹೆಡ್‌ಮೇಡಂ ಅದೀನಿ. ಪ್ರಾರ್ಥನಾ ಹೊತ್ತಾಗಾಕತ್ತದ."

"ನಮ್ಮ ಸಾಲಿಗೇನು? ಬರ್ರೆವ್ವಾ, ಏರ್ರಿ! ನಮ್ಮ ಮಕ್ಕಳ ಮೇಡಂ ದಾರ್ಯಾಗ ನಿಲ್ಲಬಾರದು."

ಕುರಿಗಳು ಸರಿದ ಮೇಲೆ ಹೆಂಗಸರೆಲ್ಲ ಇಳಿದು, ಸೀರೆ ಎತ್ತಿ ಕಟ್ಟಿ, ನನ್ನನ್ನು ಒಳಗಿಟ್ಟುಕೊಂಡೇ ಕಾರನ್ನು ಸೇತುವೆಯಾಚೆಗೆ ದಬ್ಬಿ ಬದಿಗೆ ನಿಲ್ಲಿಸಿದರು. ಸಸಿಯ ಕಟ್ಟುಗಳ ನಡುವೆ ಗೋಣಿಚೀಲ ಹಾಸಿ ಸುನಂದೆಯನ್ನು ಕೂರಿಸಿಕೊಂಡರು. ಟ್ರ್ಯಾಕ್ಟರು ಹೊರಟಿತು. ಅವಳು ಒಂದು ಸಲವಾದರೂ ಹಿಂದಿರುಗಿ ನೋಡುತ್ತಾಳೆಂದು ಕಾದೆ. ಅವಳು ಹಣಮವ್ವನ ಮಾತಿಗೆ ಬಾಯಿತುಂಬ ನಗುತ್ತಿದ್ದಳು. ಬಡ್ತಿಯ ಪತ್ರ ಬಂದ ದಿನವೂ ಅವಳು ಹಾಗೆ ನಕ್ಕಿರಲಿಲ್ಲ. ಮನಸ್ಸಿಗೆ ಪಿಚ್ಚೆನ್ನಿಸಿತು. ಅವಳು ಹಾಗೆ ನಗಬಲ್ಲಳೆಂದು ಮರೆತೇಹೋಗಿತ್ತು. ನೆನಪಿಸಲು ಒಂದು ಟ್ರ್ಯಾಕ್ಟರು ಬೇಕಾಯಿತು.

ಕಾಲೂ ಕ್ಲಚ್ಚೂ ತಣ್ಣಗಾದ ಮೇಲೆ, ಒಂದೇ ಗೇರಿನಲ್ಲಿ, ಯಾರೂ ಅಡ್ಡ ಬರಬೇಡಿರೆಂದು ಬೇಡಿಕೊಳ್ಳುತ್ತ ಶಾಲೆ ಮುಟ್ಟಿದೆ. ಅಲ್ಲಿ ಹಬ್ಬದ ವಾತಾವರಣವಿತ್ತು. ಹೊಸ ಮೇಡಂ ನಾಟಿಯವರ ಜೊತೆ ಟ್ರ್ಯಾಕ್ಟರಿನಲ್ಲಿ, ಪ್ರಾರ್ಥನೆಗೆ ಮೊದಲೇ ಬಂದು ಇಳಿದಳೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಹಿರಿಯರು ಅವಳ ಕೊಠಡಿಯಲ್ಲಿ ತುಂಬಿದ್ದರು. ನಾನು ಹೊರಗೆ ಕಾರಿಗೆ ಒರಗಿ ಕಾಲು ನೀವಿಕೊಳ್ಳುತ್ತಿದ್ದೆ. ಬಿಸಿಯೂಟದ ಅಡುಗೆಯಾಕೆ ಒಂದು ಲೋಟ ಚಹಾ ತಂದಳು.

"ಡ್ರೈವರಣ್ಣಾ, ಚಾ ಕುಡೀರಿ."

ತಿದ್ದಬೇಕೆಂದು ಬಾಯಿ ತೆರೆದೆ. ಕಿಟಕಿಯಿಂದ ಸುನಂದೆ ಕಾಣುತ್ತಿದ್ದಳು, ಹಾರ ಹಾಕಿಸಿಕೊಳ್ಳುತ್ತಿದ್ದಳು. ಈ ಹೊತ್ತಿನಲ್ಲಿ ನಾನು ಅವಳ ಗಂಡನೆಂದು ಸಾರಿದರೆ ಮರ್ಯಾದೆ ಕಡಿಮೆಯಾಗುವುದು ಯಾರದೆಂದು ಲೆಕ್ಕ ಹಾಕಿ, ಲೋಟ ತೆಗೆದುಕೊಂಡೆ.

"ನಿಮ್ಮ ಮೇಡಂ ಭಾಳ ದೊಡ್ಡ ಮನಸ್ಸಿನವ್ರು ನೋಡ್ರಿ" ಎಂದಳು ಆಕೆ. "ಇಂಥಾ ಡ್ರೈವರನ ಯಾಕ ಇಟ್ಕೊಂಡೀರಿ, ಬಿಡಿಸಿ ಬ್ಯಾರೇದವ್ನ ನೋಡ್ರಿ ಅಂತ ನಮ್ಮ ಗೌಡ್ರು ಅಂದ್ರು. 'ಭಾಳ ವರ್ಷದಿಂದ ಅದಾರ್ರಿ, ಈಗ ಬಿಡಿಸಿದ್ರ ಪಾಪ ಎಲ್ಲಿ ಹೋಗ್ತಾರ?' ಅಂದ್ರು ಮೇಡಂ."

ಚಹಾ ಕುಡಿದು ಲೋಟ ತೊಳೆದಿಟ್ಟೆ. ಸರ್ಕಾರಿ ನೌಕರಿಯ ಹಾಗೆ ಮನೆಯಲ್ಲೂ ನಾನು ಕಾಯಂ ಎಂದು ಇಷ್ಟು ವರ್ಷ ತಿಳಿದಿದ್ದೆ. ಇದು ದಿನಗೂಲಿಯೆಂದು ಅವತ್ತು ಗೊತ್ತಾಯಿತು. ಸಂಜೆ ಶಾಲೆ ಬಿಟ್ಟು ಅವಳು ಊರವರೊಂದಿಗೆ ಹೊರಗೆ ಬಂದಾಗ ನಾನು ನೆಟ್ಟಗೆ ನಿಂತು, ಬಾಗಿ, ಹಿಂದಿನ ಬಾಗಿಲು ತೆರೆದು ಹಿಡಿದೆ.