ಬೆಳಕಿರುವಾಗ ತಲುಪುವ ಮನೆ

ಬೆಂಗಳೂರಿನಲ್ಲಿ ಯಾರನ್ನಾದರೂ ‘ನಿಮ್ಮ ಮನೆ ಆಫೀಸಿನಿಂದ ಎಷ್ಟು ದೂರ?’ ಎಂದು ಕೇಳಿ ನೋಡಿ. ಕಿಲೋಮೀಟರಿನ ಮಾತು ಯಾರೂ ಎತ್ತುವುದಿಲ್ಲ. ‘ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ ಅರ್ಧ ಗಂಟೆ’ ಎನ್ನುತ್ತಾರೆ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಳ್ಳದ ಮನುಷ್ಯನನ್ನು ನಾನಂತೂ ಕಂಡಿಲ್ಲ. ಆದರೂ ಆ ಅರ್ಧ ಗಂಟೆಯನ್ನು ಎಲ್ಲರೂ ಎದೆಯುಬ್ಬಿಸಿಯೇ ಹೇಳುತ್ತಾರೆ. ಮಗನ ಮಾರ್ಕ್ಸ್ ಹೇಳುವಾಗ ಒಂದಿಷ್ಟು ಸೇರಿಸುವುದು, ಆಫೀಸಿನ ದಾರಿ ಹೇಳುವಾಗ ಒಂದಿಷ್ಟು ಕಳೆಯುವುದು, ಇವೆರಡೂ ಈ ಊರಿನ ಸಂಸಾರಸ್ಥರ ಮರ್ಯಾದೆ. ನಾನೂ ಬಹಳ ವರ್ಷ ಕಳೆದೇ ಹೇಳಿದವನು.

ನನ್ನ ಲೆಕ್ಕವನ್ನು ನಂಬದೇ ಇದ್ದವರು ರಾಣೆಬೆನ್ನೂರಿನಲ್ಲಿರುವ ನಮ್ಮಪ್ಪ ಒಬ್ಬರೇ. ಅವರು ಸರ್ಕಾರಿ ಕಚೇರಿಯಲ್ಲಿದ್ದಾಗ ಮಧ್ಯಾಹ್ನ ನಡೆದುಕೊಂಡೇ ಮನೆಗೆ ಬಂದು, ರೊಟ್ಟಿ ತಿಂದು, ಒಂದು ನಿದ್ದೆ ತೆಗೆದು, ಮುಖ ತೊಳೆದುಕೊಂಡು ಮತ್ತೆ ಕಚೇರಿಗೆ ಹೋಗುತ್ತಿದ್ದರು. ಸಂಜೆ ನಾನು ಸಿಗ್ನಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿರುವಾಗಲೇ ಅವರ ಫೋನು ಬರುತ್ತಿತ್ತು. “ಇನ್ನೂ ಮನಿ ಮುಟ್ಟಿಲ್ಲೇನಪಾ? ಅಷ್ಟೊತ್ತಿನ್ಯಾಗ ನಾ ಹುಬ್ಬಳ್ಳಿಗಿ ಹೋಗಿ ಮದುವಿ ಊಟಾ ಮಾಡ್ಕೊಂಡು ಬರ್ತೇನಿ ನೋಡು” ಎನ್ನುತ್ತಿದ್ದರು. ಹಿರಿಯರ ಎದುರು ವಾದ ಮಾಡಬಾರದೆಂದು ನಾನು ಸುಮ್ಮನಿರುತ್ತಿದ್ದೆ. ವಾದ ಮಾಡಲು ಸಾಮಗ್ರಿಯೂ ಇರಲಿಲ್ಲ.

ಆಗ ನಾವಿದ್ದದ್ದು ಆರ್.ಟಿ. ನಗರದಲ್ಲಿ. ನನ್ನ ಕೆಲಸ ಯಶವಂತಪುರದ ಒಂದು ಕಾರ್ಖಾನೆಯಲ್ಲಿ, ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು. ನನ್ನ ಹೆಂಡತಿ ಸುಧಾ ಯಲಹಂಕದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್. ಬೆಳಿಗ್ಗೆ ಒಬ್ಬರು ಪಶ್ಚಿಮಕ್ಕೆ, ಒಬ್ಬರು ಉತ್ತರಕ್ಕೆ ಹೊರಡುತ್ತಿದ್ದೆವು. ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಸಂಜೆ ಇಬ್ಬರೂ ಮನೆ ಸೇರುವ ಹೊತ್ತಿಗೆ ಬೀದಿ ದೀಪ ಹತ್ತಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಬಾಲ್ಕನಿಗೆಂದು ಎರಡು ಬೆತ್ತದ ಕುರ್ಚಿ ತಂದಿದ್ದೆವು. ಸಂಜೆ ಬಿಸಿಲಿನಲ್ಲಿ ಕೂತು ಕಾಫಿ ಕುಡಿಯಬೇಕೆಂಬ ಆಸೆ. ಆ ಕುರ್ಚಿಗಳ ಮೇಲೆ ವಾರವಿಡೀ ಕೂತದ್ದು ಒಣಗಿದ ಟವೆಲ್ಲುಗಳು ಮಾತ್ರ.

ಒಂದು ದಿನ ಸುಧಾ ಚಪ್ಪಲಿಯನ್ನೂ ಬಿಚ್ಚದೆ ಸೋಫಾದ ಮೇಲೆ ಕೂತು, “ರೀ, ವಾರದ ದಿನ ಬೆಳಕಿರುವಾಗ ನಿಮ್ಮ ಮುಖ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ” ಎಂದಳು.

ನೋಡುವಂಥದ್ದೇನೂ ಇಲ್ಲ ಎಂದು ನಾನು ನಗಿಸಲು ನೋಡಿದೆ. ಅವಳು ನಗಲಿಲ್ಲ.

“ದಿನಾ ಸಂಜೆ ಬೆಳಕಿರುವಾಗ ಇಬ್ರೂ ಕೂತು ಒಂದು ಲೋಟ ಕಾಫಿ ಕುಡಿಯೋ ಹಾಗಿರೋ ಮನೆ ಹುಡುಕಿ. ಇಲ್ಲಾಂದ್ರೆ ಮುಂದಿನ ವರ್ಷಕ್ಕೆ ನಾನು ಕೆಲ್ಸ ಬಿಡ್ತೀನಿ. ನನ್ ಕೈಲಾಗಲ್ಲ.”

ಸುಧಾಳಿಗೆ ಶಾಲೆಯೆಂದರೆ ಉಸಿರು. ನಿದ್ದೆಯಲ್ಲಿಯೂ ‘ಸೈಲೆನ್ಸ್’ ಎನ್ನುವವಳು. ಅವಳು ಅಂದಾಗ ನಿದ್ದೆಗಣ್ಣಿನಲ್ಲಿಯೇ ನಾನು ಕೈಕಟ್ಟಿ ಮಲಗಿದ್ದೂ ಉಂಟು. ಇಂಥವಳು ಬರೀ ರಸ್ತೆಗೆ ಹೆದರಿ ಶಾಲೆ ಬಿಡುವುದೆಂದರೇನು? ಬಿಡಿಸಕೂಡದು ಎಂದು ಅಂದೇ ಹಟ ತೊಟ್ಟೆ.

ಹಟ ತೊಟ್ಟದ್ದೇ ತಡ, ನನಗೆ ಹುರುಪು ಏರಿಬಿಟ್ಟಿತು. ನಕ್ಷೆ ಬರೆಯುವವನಿಗೆ ಮನೆ ಹುಡುಕುವ ಕೆಲಸ ಕೊಟ್ಟರೆ ಇನ್ನೇನಾಗುತ್ತದೆ? ಬೆಂಗಳೂರಿನ ಭೂಪಟ ತಂದು ಊಟದ ಮೇಜಿನ ಮೇಲೆ ಹರಡಿದೆ. ಯಶವಂತಪುರಕ್ಕೊಂದು ಚುಕ್ಕೆ, ಯಲಹಂಕಕ್ಕೊಂದು ಚುಕ್ಕೆ. ಕೈವಾರ ಹಿಡಿದು ಎರಡೂ ಕಡೆಯಿಂದ ವೃತ್ತ ಎಳೆದೆ. ವೃತ್ತಗಳು ಕೂಡಿದ ಜಾಗದಲ್ಲಿ ನಮ್ಮ ಬಾಳು ಬಂಗಾರವಾಗುವುದಿತ್ತು. ಚಿಕ್ಕಬಾಣಾವರದಲ್ಲಿ ರೈಲು ನಿಲ್ದಾಣವಿದೆಯೆಂದು ತಿಳಿದಾಗ ವೃತ್ತ ಗಿತ್ತ ಬದಿಗಿಟ್ಟು ಕುಣಿದಾಡಿದೆ. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಪೇಪರ್ ಓದುತ್ತ ಯಶವಂತಪುರದಲ್ಲಿ ಇಳಿಯುವ ನನ್ನ ಚಿತ್ರ ಕಣ್ಣೆದುರು ನಿಂತಿತು. “ನಿಮಗೇನೋ ರೈಲಾಯ್ತು, ನಾನು ಯಲಹಂಕಕ್ಕೆ ಹಾರ್ಕೊಂಡು ಹೋಗ್ಲಾ?” ಎಂದು ಸುಧಾ ಕೇಳಿದಳು. ರೈಲು ಅಲ್ಲಿಗೇ ನಿಂತಿತು. ಕೆಂಪಾಪುರದ ಮನೆಗಳು ಚೆನ್ನಾಗಿದ್ದವು, ಆದರೆ ಬಾಲ್ಕನಿ ಇದ್ದಲ್ಲಿ ಬಿಸಿಲಿಲ್ಲ, ಬಿಸಿಲಿದ್ದಲ್ಲಿ ಬಾಲ್ಕನಿ ಇಲ್ಲ. ಕೊನೆಗೆ ಉಳಿದದ್ದು ಕೊಡಿಗೇಹಳ್ಳಿ.

ಕೊಡಿಗೇಹಳ್ಳಿಯ ಬ್ರೋಕರ್ ಮುನಿರಾಜಣ್ಣ ಆ ಹಳ್ಳಿಯಲ್ಲೇ ಹುಟ್ಟಿ ಬೆಳೆದವರು. ಈಗ ಅಪಾರ್ಟ್‌ಮೆಂಟು ನಿಂತಿರುವ ಜಾಗಗಳಲ್ಲಿ ತಾವು ರಾಗಿ ಹೊಲ ಕಾದದ್ದನ್ನು ಹೇಳುತ್ತ ಮನೆ ತೋರಿಸುವವರು. ಅವರ ಪ್ರಕಾರ ಲೋಕದ ಯಾವ ಜಾಗವೂ ಹತ್ತು ನಿಮಿಷಕ್ಕಿಂತ ದೂರವಿರಲಿಲ್ಲ. “ಯಲಹಂಕವಾ? ಅತ್ ನಿಮಿಷ ಸಾ. ಯಶವಂತಪುರವಾ? ಇಂಗ್ ಓದ್ರೆ ಅಂಗ್ ಬಂದ್ಬುಡ್ತೀರ” ಎನ್ನುತ್ತಿದ್ದರು. ಮೈಸೂರಿನ ಬಗ್ಗೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ತೋರಿಸಿದ ಮಹಡಿ ಮನೆಯ ಬಾಲ್ಕನಿ ಪಡುವಣಕ್ಕಿತ್ತು. ಎದುರಿಗೊಂದು ತೆಂಗಿನ ಮರ. ಸುಧಾ ಬಾಲ್ಕನಿಯಲ್ಲಿ ನಿಂತು ಕುರ್ಚಿಗಳಿಗೆ ಕಣ್ಣಳತೆಯಲ್ಲೇ ಜಾಗ ಗೊತ್ತುಮಾಡಿದಳು. ಆದರೆ ನಾವೇನು ಅಷ್ಟು ದಡ್ಡರೇ? ಈ ಊರಿನ ಜನ ಮಾಡುವ ತಪ್ಪೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಭಾನುವಾರ ಮನೆ ನೋಡುತ್ತಾರೆ, ಭಾನುವಾರ ಎಲ್ಲವೂ ಹತ್ತಿರವಿರುತ್ತದೆ, ಸೋಮವಾರ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. “ನಾವು ವಾರದ ದಿನವೇ ನೋಡೋಣ. ಆಫೀಸಿನ ಹೊತ್ತಿಗೇ ಹೊರಟು, ಆಫೀಸಿನ ಹೊತ್ತಿಗೇ ವಾಪಸ್ ಬರೋಣ. ಪೂರ್ತಿ ರಿಹರ್ಸಲ್!” ಎಂದು ಘೋಷಿಸಿದೆ. ನನ್ನ ಬುದ್ಧಿಗೆ ಸುಧಾಳೇ ತಲೆದೂಗಿದಳು. ಅವಳಿಗೂ ಆ ವಾರ ಬಿಡುವಿತ್ತು.

ಒಂದು ಬುಧವಾರ ರಿಹರ್ಸಲ್ ನಡೆಯಿತು. ಬೆಳಿಗ್ಗೆ ಬೀಗ ಹಾಕಿದ ಆ ಖಾಲಿ ಮನೆಯ ಮುಂದೆ ನಿಂತು, ಅಲ್ಲಿಂದಲೇ ಕೆಲಸಕ್ಕೆ ಹೊರಟವರ ಹಾಗೆ ಒಬ್ಬರಿಗೊಬ್ಬರು ಟಾಟಾ ಮಾಡಿದೆವು. ನನ್ನ ಸ್ಕೂಟರ್ ಹೆಬ್ಬಾಳದ ಮೇಲೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಸೆಕ್ಯೂರಿಟಿಯವನು ಗೇಟು ತೆಗೆಯುವ ಮೊದಲೇ ಕಾರ್ಖಾನೆಯ ಮುಂದಿದ್ದೆ. ಸುಧಾಳೂ ಫೋನ್ ಮಾಡಿ, “ಬಂದ್ಬಿಟ್ಟೆ ಕಣ್ರೀ! ಬಸ್ಸಲ್ಲಿ ಸೀಟೂ ಸಿಕ್ತು!” ಎಂದು ಕೂಗಿದಳು. ಶಾಲೆಯ ಗೇಟು ಮುಟ್ಟಿ ನಿಂತಿದ್ದಳಂತೆ. ವಾಚ್‌ಮನ್ ಹೊರಗೆ ಬಂದು, “ಏನ್ ಮಿಸ್, ದಸರಾ ರಜೆ ಅಲ್ವಾ? ಯಾಕ್ ಬಂದ್ರಿ?” ಎಂದು ಕೇಳಿದನಂತೆ. “ಎಷ್ಟೊತ್ತಾಗುತ್ತೆ ಅಂತ ನೋಡೋಕೆ ಬಂದೆ” ಎಂದು ಇವಳು ಹೆಮ್ಮೆಯಿಂದ ಹೇಳಿದಳಂತೆ. ಇದನ್ನು ಅವಳು ನನಗೆ ಹೇಳಿದಳು, ನಾನು ಕೇಳಿ ನಕ್ಕೆ. ಇಬ್ಬರೂ ಪದವೀಧರರು.

ಹಗಲೆಲ್ಲ ಅವಳು ಯಲಹಂಕದಲ್ಲೇ ಗೆಳತಿಯ ಮನೆಯಲ್ಲಿ ಕಳೆದು, ಸಂಜೆ ಸರಿಯಾದ ಹೊತ್ತಿಗೆ ಬಸ್ಸು ಹತ್ತಿದಳು. ನಾನೂ ಕಾರ್ಖಾನೆಯಿಂದ ಹೊರಟೆ. ಖಾಲಿ ಮನೆ ತಲುಪಿದಾಗ ಬಾಲ್ಕನಿಯ ತುಂಬ ಬಿಸಿಲು! ವಾರದ ದಿನ, ಸಂಜೆ, ಬಿಸಿಲು! ಮುನಿರಾಜಣ್ಣ ಅಂಗಡಿಯಿಂದ ಕಾಫಿ ತರಿಸಿದರು. ನೆಲದ ಮೇಲೆ ಕೂತು ಮೂವರೂ ಕುಡಿದೆವು. ಬೆಳಕಿನಲ್ಲಿ ಸುಧಾಳ ಮುಖ ನೋಡಿದೆ. ಕಿವಿಯ ಹತ್ತಿರ ಒಂದು ಬಿಳಿ ಕೂದಲು ಹೊಸದಾಗಿ ಬಂದಿತ್ತು. ಅದು ಯಾವಾಗ ಬಂತೋ ನನಗೆ ತಿಳಿದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ಮುನಿರಾಜಣ್ಣ ಅದನ್ನು ಮನೆ ಒಪ್ಪಿಗೆಯಾದ ಗುರುತೆಂದು ತಿಳಿದರು. ಅವರು ತಿಳಿದದ್ದು ತಪ್ಪೂ ಆಗಿರಲಿಲ್ಲ. ಆ ವಾರವೇ ಹಾಲುಕ್ಕಿಸಿದೆವು. ಅಪ್ಪನಿಗೆ ಫೋನ್ ಮಾಡಿ, “ಈಗ ನೀವು ಹುಬ್ಬಳ್ಳಿ ಬಸ್ ಹತ್ತೋದ್ರೊಳಗ ನಾ ಮನಿಯಾಗ ಇರ್ತೇನಿ” ಎಂದು ಬೀಗಿದೆ.

ಸೋಮವಾರ ಶಾಲೆ ಶುರುವಾಯಿತು.

ಸಂಜೆ ನಾನು, ಏರ್‌ಪೋರ್ಟ್ ರಸ್ತೆಯಿಂದ ನಮ್ಮ ಹಳ್ಳಿಗೆ ತಿರುಗುವ ಕೊಡಿಗೇಹಳ್ಳಿ ಗೇಟಿನ ಬಸ್ ಸ್ಟಾಪಿನಲ್ಲಿ ಸುಧಾಳನ್ನು ಸ್ಕೂಟರಿಗೆ ಹತ್ತಿಸಿಕೊಂಡು ಒಳರಸ್ತೆಗೆ ತಿರುಗಿದೆ. ತಿರುಗಿದೆ ಅಷ್ಟೆ, ಮುಂದೆ ಹೋಗಲಿಲ್ಲ. ಒಂದು ಕಡೆ ಹಳೇ ಹೆಂಚಿನ ಮನೆಗಳ ಜಗಲಿ, ಇನ್ನೊಂದು ಕಡೆ ಹೊಸ ಕಟ್ಟಡಗಳ ಜಲ್ಲಿ ರಾಶಿ, ನಡುವೆ ಕಣ್ಣು ಹಾಯುವವರೆಗೆ ಹಳದಿ. ಹಳದಿ ಬಸ್ಸು, ಹಳದಿ ವ್ಯಾನು, ಹಳದಿ ಟೆಂಪೋ. ಉತ್ತರ ಬೆಂಗಳೂರಿನ ಶಾಲೆಗಳೆಲ್ಲ ತಮ್ಮ ಮಕ್ಕಳನ್ನು ಇದೇ ಓಣಿಯಲ್ಲಿ ಇಳಿಸಲು ಪಣ ತೊಟ್ಟಂತಿತ್ತು. ನಮ್ಮ ಪಕ್ಕಕ್ಕೇ ಒಂದು ಬಸ್ಸು ಬಂದು ನಿಂತಿತು. ಕಿಟಕಿಯಿಂದ ನಾಲ್ಕಾರು ತಲೆಗಳು ಹೊರಬಂದವು.

“ಲೇ, ಸುಧಾ ಮಿಸ್ ಕಣೋ! ಮಿಸ್! ಮಿಸ್!”

“ಮುಂದೆ ಇರೋ ಅಂಕಲ್ ಯಾರೋ?”

“ಮಿಸ್ಸಿನ ಡ್ರೈವರ್ ಇರ್ಬೇಕು ಕಣೋ.”

ಅದು ಅವಳದೇ ಶಾಲೆಯ ಬಸ್ಸು. ಸುಧಾ ಮೆಲ್ಲಗೆ ನನ್ನ ಬೆನ್ನು ತಟ್ಟಿದಳು. “ರೀ… ನಾವು ರಿಹರ್ಸಲ್ ಮಾಡಿದ್ದು ದಸರಾ ರಜೆಯಲ್ಲಿ.”

“ಹೂಂ.”

“ರಜೆ ಇದ್ದಿದ್ದಕ್ಕೇ ಅಲ್ವಾ ನಾನು ಬಂದಿದ್ದು…”

“ಹೂಂ.”

“ಶಾಲೆಗೆ ರಜೆ ಅಂದ್ರೆ ಇವೂ ಇರಲ್ಲ ಅಂತ ನನಗೆ ಹೊಳೀಲೇ ಇಲ್ಲ ಕಣ್ರೀ.”

ಟೀಚರ್ ಮನೆಯವರಿಗಷ್ಟೇ ಆಗಬಹುದಾದ ತಪ್ಪು ಇದು. ಅವಳಿಗೆ ಬಿಡುವಾದಾಗಲೆಲ್ಲ ಊರಿಗೂ ಬಿಡುವು. ನಮ್ಮ ಪಾಲಿಗೆ ವಾರದ ಏಳೂ ದಿನ ಭಾನುವಾರವಾಗಿದ್ದ ವಾರದಲ್ಲಿ ನಾನು ಜಾಣತನ ಮೆರೆದಿದ್ದೆ. ಮನೆ ಸೇರುವಾಗ ಕತ್ತಲಾಗಿತ್ತು. ಮಾರನೆಯ ದಿನ ಮುನಿರಾಜಣ್ಣನನ್ನು ಹಿಡಿದು, “ಒಂದು ಮಾತು ಹೇಳ್ಬಾರ್ದಿತ್ತಾ?” ಎಂದು ಕೇಳಿದೆ. “ಅಕ್ಕಾವ್ರು ಮಿಸ್ಸು, ಸ್ಕೂಲ್ ಸಮಾಚಾರ ನಾನ್ ಏನ್ ಯೋಳೋದು ಸಾ?” ಎಂದು ಅವರು ಪಾಪ ನಿಜವಾಗಿಯೂ ಬೇಸರಪಟ್ಟರು.

ಮಂಗಳವಾರವೂ ಕತ್ತಲೆ. ಬುಧವಾರವೂ ಕತ್ತಲೆ. ಸುಧಾ ರಾಜೀನಾಮೆಯ ಮಾತೆತ್ತಲಿಲ್ಲ. ಎತ್ತದಿರುವುದೇ ನನಗೆ ಹೆಚ್ಚು ಭಯ ತಂದಿತ್ತು. ಬಾಲ್ಕನಿಯ ಕುರ್ಚಿಗಳ ಮೇಲೆ ಮತ್ತೆ ಟವೆಲ್ಲುಗಳು ಬಂದು ಕೂತವು.

ಗುರುವಾರ ಗೇಟಿಗೆ ಬಂದಾಗ ಬಸ್ ಸ್ಟಾಪಿನಲ್ಲಿ ಅವಳಿಲ್ಲ. ಸ್ಕೂಟರ್ ನಿಲ್ಲಿಸಿ ದಿಗಿಲಿನಿಂದ ಸುತ್ತ ನೋಡಿದೆ. “ರೀ! ಇಲ್ಲಿ!” ಎಂಬ ಕೂಗು ಕೇಳಿತು. ಮೂಲೆಯ ದರ್ಶಿನಿಯ ಎತ್ತರದ ಮೇಜಿನ ಮುಂದೆ ನಿಂತಿದ್ದಾಳೆ, ಮುಂದೆ ಎರಡು ಲೋಟ ಕಾಫಿ. “ಬೇಗ ಬನ್ನಿ, ಆರೋಗುತ್ತೆ. ಆ ರಸ್ತೆ ಖಾಲಿಯಾಗೋಕೆ ಹೇಗೂ ಹೊತ್ತಿದೆ” ಎಂದಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿ, “ಬೆಳಕಿದೆ ನೋಡಿ” ಎಂದಳು.

ಇತ್ತು! ಮೇಲ್ಸೇತುವೆಯ ಕಂಬಗಳ ನಡುವಿನಿಂದ ಇಳಿಬಿಸಿಲು ನೇರವಾಗಿ ಮೇಜಿನ ಮೇಲೆ ಬಿದ್ದಿತ್ತು. ಹಾರ್ನುಗಳ ಗದ್ದಲದ ನಡುವೆ ಅವಳು ಅಂದಿನ ತರಗತಿಯ ಕತೆ ಹೇಳಿದಳು. ಜನಸಾಂದ್ರತೆಗೆ ಉದಾಹರಣೆ ಕೊಡಿ ಎಂದಾಗ ಒಬ್ಬ ಹುಡುಗಿ ಎದ್ದು ನಿಂತು, “ನಮ್ಮ ಸ್ಕೂಲ್ ವ್ಯಾನ್ ಮಿಸ್” ಎಂದಳಂತೆ. ನಾನು ಕಾಫಿ ನೆತ್ತಿಗೇರುವಷ್ಟು ನಕ್ಕೆ. ನಮ್ಮ ಸೂಪರ್‌ವೈಸರನ ಕತೆ ನಾನೂ ಹೇಳಿದೆ. ಇಷ್ಟು ಮಾತು ಅವಳ ಹೊಟ್ಟೆಯಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹಳದಿ ಬಸ್ಸುಗಳು ಒಂದೊಂದಾಗಿ ಕರಗಿದ ಮೇಲೆ ನಿಧಾನಕ್ಕೆ ಮನೆಗೆ ಹೋದೆವು. ಅಂದಿನಿಂದ ಅದೇ ರೂಢಿಯಾಯಿತು. ಹೊಸ ಶಾಲಾ ವರ್ಷ ಬಂದಾಗ ಸುಧಾ ರಾಜೀನಾಮೆಯ ಮಾತೇ ಇಲ್ಲದೆ ಹೊಸ ಪಠ್ಯಪುಸ್ತಕಗಳಿಗೆ ರಟ್ಟು ಹಾಕಲು ಕೂತಳು. ನಾನು ಅಡಿಗೆಮನೆಗೆ ಹೋಗಿ ದೇವರ ಪಟಕ್ಕೆ ಕೈಮುಗಿದು ಬಂದೆ.

ಮತ್ತೆ ದಸರಾ ರಜೆ ಬಂತು. ರಸ್ತೆ ಖಾಲಿ. ನಾನು ಕಾರ್ಖಾನೆಯಿಂದ ಹಾರಿಕೊಂಡು ಮನೆಗೆ ಬಂದೆ. ಬಾಲ್ಕನಿಯಲ್ಲಿ ಬಿಸಿಲು, ಒರೆಸಿಟ್ಟ ಕುರ್ಚಿಗಳು, ಮನೆಯ ಫಿಲ್ಟರ್ ಕಾಫಿ. ಭೂಪಟದ ಮೇಲೆ ಕೈವಾರ ಇಟ್ಟ ದಿನದಿಂದ ಕನಸು ಕಂಡಿದ್ದ ಸಂಜೆ ಅದೇ. ಕೂತೆವು. ತೆಂಗಿನ ಮರ ನೋಡಿದೆವು. ಪಕ್ಕದ ಮನೆಯ ಟ್ಯಾಂಕು ತುಂಬಿ ಹರಿಯಿತು, ಅದನ್ನೂ ನೋಡಿದೆವು.

“ಇನ್ನೇನ್ರೀ?”

“ಇನ್ನೇನಿಲ್ಲ.”

ನಾನು ಬೆಳಿಗ್ಗೆ ಓದಿದ್ದ ಪೇಪರನ್ನೇ ಮತ್ತೆ ತಿರುವಿದೆ. ಸುಧಾ ಕುರ್ಚಿಯ ಬೆತ್ತದ ಎಳೆಯೊಂದನ್ನು ಕೀಳುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಸಂಕೋಚದಿಂದ, “ಗೇಟ್ ತನಕ ಹೋಗ್ಬರೋಣ್ವಾ?” ಎಂದಳು. ಅವಳ ಮಾತು ಮುಗಿಯುವುದರೊಳಗೆ ನನ್ನ ಕೈಯಲ್ಲಿ ಸ್ಕೂಟರಿನ ಕೀ ಇತ್ತು. ದರ್ಶಿನಿಯಲ್ಲಿ ಕಾಫಿ ಕೊಡುವಾತ ಖಾಲಿ ರಸ್ತೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, “ಏನ್ ಸಾರ್, ಇವತ್ತೂ ಸಿಕ್ಕಾಕ್ಕೊಂಡ್ರಾ?” ಎಂದ.

ಸೋಮವಾರ ಶಾಲೆ ಶುರು. ಮಕ್ಕಳಿಗೆ ಹೇಗೋ ಏನೋ, ನನಗಂತೂ ಕುಣಿಯುವಷ್ಟು ಖುಷಿಯಾಗಿತ್ತು. ಈಗಲೂ ಯಾರಾದರೂ ಆಫೀಸಿನಿಂದ ಮನೆಗೆ ಎಷ್ಟು ಹೊತ್ತಾಗುತ್ತದೆಂದು ಕೇಳಿದರೆ ನಾನೂ ಎದೆಯುಬ್ಬಿಸಿಯೇ ಹೇಳುತ್ತೇನೆ: ಕೊಡಿಗೇಹಳ್ಳಿ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ ಅರ್ಧ ಗಂಟೆ. ಆದರೆ ದೇವರು ದೊಡ್ಡವನು, ದಿನಾ ಸಿಕ್ಕಿಹಾಕಿಕೊಳ್ಳುತ್ತೇವೆ.